ಬಾತುಗಳ ಓಣಿಯ ಕೆಮ್ಮು

ಎಡವಟ್ಟಾದದ್ದು ಒಂದೇ ಪದದಿಂದ. ನೈಲ್ ಕಾಲುವೆ ದಂಡೆಯ ಮೀತ್ ಜರ್ಜೂರ್ ಊರಿನಲ್ಲಿ ಮೊದಲ ಮನೆಯ ಬಾಗಿಲು ತಟ್ಟಿದ ವಗ್ದಿ, "ಮನೇಲಿ ಎಷ್ಟು ತಲೆ ಇದಾವಮ್ಮಾ?" ಎಂದು ಕೇಳಿಬಿಟ್ಟ.

ಬಾಗಿಲು ತೆರೆದ ಉಮ್ಮ್ ಶರ್ಬಾತ್ ಅವನನ್ನು ಅಡಿಯಿಂದ ಮುಡಿವರೆಗೆ ಅಳೆದಳು. ಕೈಯಲ್ಲಿ ಸರ್ಕಾರಿ ಕಡತ, ಮೂಗಿಗೆ ಬಟ್ಟೆ. ಹಿಂದೊಮ್ಮೆ ಹಕ್ಕಿಜ್ವರ ಅಂತ ಹೀಗೇ ಬಂದವರು ಮಾಳಿಗೆ ಮೇಲಿದ್ದ ಅವಳ ಹನ್ನೊಂದು ಬಾತುಗಳನ್ನು ಗೋಣಿಗೆ ತುಂಬಿಕೊಂಡು ಹೋಗಿದ್ದರು. ಇವನು ಎಣಿಸಲು ಬಂದ ತಲೆಗಳು ಈಗ ಮಾಳಿಗೆಯಲ್ಲಿರುವ ಹೊಸ ಬಾತುಗಳದ್ದೇ ಎಂದುಕೊಂಡಳು.

"ನಾನು, ನನ್ನ ಗಂಡ. ಎರಡೇ ತಲೆ!" ಎಂದವಳೇ ದಢಾರನೆ ಬಾಗಿಲು ಹಾಕಿದಳು.

ವಗ್ದಿಗೆ ಬೇಕಿದ್ದದ್ದು ಕೆಮ್ಮುವ ಮನುಷ್ಯರು. ಹೊಸ ತಳಿಯ ಫ್ಲೂ ಯಾವ ಊರಿಂದ ಯಾವ ಊರಿಗೆ ದಾಟುತ್ತಿದೆ ಎಂದು ನಕ್ಷೆಯಲ್ಲಿ ಗುರುತು ಹಾಕುವುದು ಅವನ ಕೆಲಸ. ಮೂರು ವಾರದಿಂದ ಆ ನಕ್ಷೆ ತೊಳೆದಿಟ್ಟ ತಟ್ಟೆಯಂತಿತ್ತು. "ಎಲ್ಲಾ ಕಡೆ ರೋಗ, ನಿಮ್ಮ ಊರುಗಳಲ್ಲಿ ಮಾತ್ರ ಇಲ್ವಾ? ಮನೇಲಿ ಕೂತು ಬರೀತೀರಾ ಹೇಗೆ?" ಎಂದು ಮೇಲಧಿಕಾರಿ ಡಾಕ್ಟರ್ ಶಾಹಿನಾಜ್‌ಗೂ ಅನುಮಾನ. ಈ ವಾರವೂ ಸೊನ್ನೆಯಾದರೆ ಮರಳುಗಾಡಿಗೆ ಎತ್ತಂಗಡಿ ಎಂದಿದ್ದರು.

ಅವನು ಎರಡನೇ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಬಾತುಗಳು ಮಾಳಿಗೆಯಿಂದಿಳಿದು ಮಂಚದಡಿ, ಬಟ್ಟೆ ಪೆಟ್ಟಿಗೆ, ರೊಟ್ಟಿ ಒಲೆಗಳೊಳಗೆ ಅಡಗಿದವು. ಆದರೆ ಬಾತಿನ ಬಾಯಿ ಕಟ್ಟುವವರು ಯಾರು? ವಡೆ ಕರಿಯುವ ಹಸನೈನ್‌ನ ಮನೆಯಲ್ಲಿ ಆರಿದ ಒಲೆ "ಕ್ವಾಕ್" ಎಂದಿತು. ಹಸನೈನ್ ಅದಕ್ಕಿಂತ ಜೋರಾಗಿ ಕೆಮ್ಮಿದ.

ವಗ್ದಿಯ ಕಣ್ಣರಳಿತು. "ಎಷ್ಟು ದಿನದಿಂದ ಇದೆ?"

"ಯಾವುದು? ನಮ್ಮನೇಲಿ ಏನೂ ಇಲ್ಲ!"

"ಕೆಮ್ಮು ಕಣಯ್ಯಾ!"

"ಓ, ಅದಾ! ಅದು ಬೇಕಾದಷ್ಟಿದೆ..." ಅಷ್ಟರಲ್ಲಿ ಮತ್ತೊಂದು ಕ್ವಾಕ್. ಈ ಸಲ ಹೆಂಡತಿ, ಅತ್ತೆ ಇಬ್ಬರೂ ಸೇರಿ ಕೆಮ್ಮಿದರು.

ಉಪಾಯ ಫ್ಲೂಗಿಂತ ಬೇಗ ಹಬ್ಬಿತು. ವಗ್ದಿ ಹೋದ ಮನೆಯಲ್ಲೆಲ್ಲ ಹಳೇ ಟ್ರ್ಯಾಕ್ಟರ್ ಚಾಲೂ ಮಾಡಿದ ಹಾಗೆ ಕೆಮ್ಮು. ಮಧ್ಯಾಹ್ನದೊಳಗೆ ನಲವತ್ತೊಂದು ಜನ! ನಕ್ಷೆಗೇ ದಡಾರ ಎದ್ದಂತೆ ಕೆಂಪು ಚುಕ್ಕೆಗಳು. ವಗ್ದಿ ಕುಣಿಯುತ್ತಾ ಫೋನ್ ಮಾಡಿದ. ಡಾಕ್ಟರ್ ಶಾಹಿನಾಜ್ ಪ್ರಯೋಗಾಲಯದ ವ್ಯಾನಿನೊಂದಿಗೆ ಓಡಿಬಂದರು.

ಮೂಗಿಗೆ ಹಾಕುವ ಉದ್ದನೆಯ ಕಡ್ಡಿ ಕಂಡದ್ದೇ ಓಣಿ ಬೆದರಿತು. "ಅದು ಮಿದುಳಿಗೇ ಹೋಗುತ್ತಂತೆ. ಬಚ್ಚಿಟ್ಟಿದ್ದೆಲ್ಲಾ ಬಾಯಿ ಬಿಡಿಸುತ್ತಂತೆ," ಎಂದಳು ಉಮ್ಮ್ ಶರ್ಬಾತ್.

"ಎಂಥದೂ ಇಲ್ಲ, ನೋಡಿ, ನಾನೇ ಮೊದಲು!" ಎಂದು ವಗ್ದಿ ಕಡ್ಡಿಗೆ ಮೂಗು ಒಡ್ಡಿದ. ಅವನ ಕಣ್ಣಲ್ಲಿ ನೀರು ಬಂದದ್ದು ನೋಡಿ ಸಮಾಧಾನವಾಗಿ ಉಳಿದವರೂ ಒಡ್ಡಿದರು.

ಸಂಜೆಯ ನಮಾಜಿಗೆ ಮೊದಲೇ ಫಲಿತಾಂಶ ಬಂತು. ಡಾಕ್ಟರ್ ವ್ಯಾನಿನಿಂದಿಳಿದರು. ಮುಖ ಗಂಟಿಕ್ಕಿತ್ತು.

"ನಲವತ್ತೊಂದು ಜನಕ್ಕೂ ಏನೂ ಇಲ್ಲ. ಮತ್ತೆ ಕೆಮ್ಮಿದ್ದು ಯಾಕೆ?"

ಯಾರೂ ಬಾಯಿ ಬಿಡಲಿಲ್ಲ. ಹಸನೈನ್‌ನ ಒಲೆ ಬಿಟ್ಟಿತು. ಹಿಂದೆಯೇ ಪೆಟ್ಟಿಗೆ, ಮಂಚ, ಇಡೀ ಓಣಿ. ಉಮ್ಮ್ ಶರ್ಬಾತ್ ಕರುಳು ಕಿತ್ತುಬರುವಂತೆ ಕೆಮ್ಮಿ ನೋಡಿದಳು, ಉಪಯೋಗವಾಗಲಿಲ್ಲ.

ವಗ್ದಿಯ ಮುಖ ಇಳಿದುಹೋಯಿತು. "ಹಾಗಾದ್ರೆ ಮತ್ತೆ ಸೊನ್ನೆನಾ, ಮೇಡಂ?"

"ಇಲ್ಲ. ಒಬ್ಬರಿಗೆ ಹೊಸ ತಳಿ ಇದೆ," ಎಂದ ಡಾಕ್ಟರ್ ನಾಲ್ಕು ಹೆಜ್ಜೆ ಹಿಂದೆ ಸರಿದರು. "ನಿಮಗೆ."

ಓಣಿ ಎಂಟು ಹೆಜ್ಜೆ ಸರಿಯಿತು.

"ಬೆಳಿಗ್ಗೆಯಿಂದ ಮನೆಮನೆಗೂ ಹೊತ್ಕೊಂಡು ತಿರುಗಿದನಲ್ಲಾ!" ಹಸನೈನ್ ಬಾಯಿ ಬಡಿದುಕೊಂಡ.

ಉಮ್ಮ್ ಶರ್ಬಾತ್‌ಗೆ ಬೇರೆಯದೇ ಚಿಂತೆ. "ಡಾಕ್ಟ್ರಮ್ಮಾ, ಮನುಷ್ಯರಿಂದ ಬಾತಿಗೆ ಅಂಟುತ್ತಾ?"

"ಅಂಟಬಹುದು. ಇವರ ಹತ್ತಿರ ಬಿಡಬೇಡಿ. ಇವರು ಬಸ್ಸು ಹತ್ತೋ ಹಾಗೂ ಇಲ್ಲ, ಏಳು ದಿನ ಇಲ್ಲೇ ಒಂಟಿಯಾಗಿರಬೇಕು. ಖಾಲಿ ಕೋಣೆ ಯಾರ ಹತ್ರ ಇದೆ?"

ಇಡೀ ಓಣಿಯಲ್ಲಿ ಖಾಲಿ ಇದ್ದದ್ದು ಒಂದೇ ಜಾಗ. ಹೊತ್ತು ಮುಳುಗುವ ಮುಂಚೆಯೇ ಉಮ್ಮ್ ಶರ್ಬಾತ್‌ಳ ಬಾತುಗಳು ಅವಳ ಮಂಚದ ಮೇಲೆ ಹಾಯಾಗಿ ರೆಕ್ಕೆ ಚಾಚಿ ಕೂತವು. ವಗ್ದಿ ಮಾಳಿಗೆ ಹತ್ತಿ, ಬೆನ್ನು ಬಗ್ಗಿಸಿ, ಬಾತಿನ ಗೂಡು ಹೊಕ್ಕ.