ಕುಡಿಯದೇ ಇದ್ದದ್ದು ನನ್ನ ತಪ್ಪೇ?

ಕುಡಿತ, ಗಾಂಜಾದ ಬಗ್ಗೆ ಹುಡುಗರಿಗೆ ತಿಳಿಹೇಳಲು ಹೋದವರು ತಾವೇ ಏನಾದರೊಂದು ಕಲಿತು ಬರುವುದು ಈ ಕೆಲಸದಲ್ಲಿ ದಿನದ ಮಾತು. ನಾನು ಕಲಿತದ್ದು ಹೊಟ್ಟೆಕಿಚ್ಚು.

ತೊಂಬತ್ತರ ದಶಕದಲ್ಲಿ ಪುಣೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಸಲಹೆಗಾರ್ತಿ. ಕಾಲೇಜು, ಕಾರ್ಖಾನೆಗಳಿಗೆ ಭಾಷಣಕ್ಕೆ ಹೋದಾಗ ಜೊತೆಗೆ ಬೆಳಗಾವಿ ಕಡೆಯ ಒಬ್ಬರು ಬರುತ್ತಿದ್ದರು. ಹಿಂದೆ ಲಾರಿ ಡ್ರೈವರ್. ಹನ್ನೆರಡು ವರ್ಷ ಕುಡಿದು, ನಮ್ಮಲ್ಲೇ ಬಿಟ್ಟವರು. ಎಲ್ಲರಿಗೂ ಅವರು ಮಾಮಾ, ಅವರ ಬಾಯಲ್ಲಿ ನಾನು 'ಬಾಯಾರು'. ನನ್ನ ಹತ್ತಿರ ಎಂ.ಎ. ಇತ್ತು, ಮಾಮಾನ ಹತ್ತಿರ ಕಥೆಗಳಿದ್ದವು.

ಲಿವರಿನ ಚಿತ್ರ

ಒಂದು ಕಾಲೇಜಿಗಾಗಿ ಮೂರು ಸಂಜೆ ಕೂತು ಕುಡುಕರ ಲಿವರಿನ ದೊಡ್ಡ ಚಿತ್ರ ಬರೆದಿದ್ದೆ. ನಲವತ್ತು ನಿಮಿಷ ಅದನ್ನು ತೋರಿಸಿ ಮಾತಾಡಿದೆ. ಹಿಂದಿನ ಬೆಂಚಿನವರು ಆಕಳಿಸಿದರು. ಮುಂದಿನವರು ಮರ್ಯಾದೆಗೆ ಕೈ ಅಡ್ಡ ಹಿಡಿದು ಆಕಳಿಸಿದರು.

ಆಮೇಲೆ ಮಾಮಾ ಎದ್ದರು. ಒಂದು ದಿನ ಕುಡಿದು ಪಕ್ಕದ ಮನೆಗೆ ಹೊಕ್ಕು, ಚಪ್ಪಲಿ ನೀಟಾಗಿ ಬಿಟ್ಟು, ಊಟಕ್ಕೆ ಕೂತು, "ಪಲ್ಯಾಕ ಉಪ್ಪ ಎಲ್ಲೈತಿ?" ಎಂದು ಆ ಮನೆಯಾಕೆಯನ್ನು ಬೈದದ್ದನ್ನು ಹೇಳಿದರು. ಹುಡುಗರು ಹೊಟ್ಟೆ ಹಿಡಿದು ನಕ್ಕರು. "ನನ್ನ ಮಗಳು ಬಾಗಲದಾಗ ನಿಂತು ಎಲ್ಲಾ ನೋಡಿದ್ಲು. ಎರಡು ವರ್ಷ ಅಪ್ಪಾ ಅಂತ ಕರೀಲಿಲ್ಲ" ಎಂದಾಗ ಆಕಳಿಸಿದವರೂ ಕಣ್ಣು ಒರೆಸಿಕೊಂಡರು.

ಮುಗಿದ ಮೇಲೆ ಎಲ್ಲರೂ ಅವರನ್ನು ಮುತ್ತಿಕೊಂಡರು. ನನ್ನ ಕಡೆ ಒಬ್ಬಳೇ ಹುಡುಗಿ, ನಮ್ಮ ಕನ್ನಡದವಳು, ಬಂದಳು. ನನಗೆ ಜೀವ ಬಂದಂತಾಯಿತು.

"ಮ್ಯಾಡಮ್, ಆ ಚಿತ್ರ ಎರಡು ದಿನ ಕೊಡ್ತೀರೇನ್ರಿ? ನನ್ನ ಬಯಾಲಜಿ ಜರ್ನಲ್ ಅರ್ಧಾ ಉಳದದ."

ಬಿಟ್ಟದ್ದು ಯಾವಾಗ?

ಚಾಕಣದ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಸೇರಿದ ಹುಡುಗರಿದ್ದರು. ಒಬ್ಬ ಎದ್ದು ಮರಾಠಿಯಲ್ಲಿ ಕೇಳಿದ: "ಮ್ಯಾಡಮ್, ನೀವು ಯಾವಾಗ ಬಿಟ್ಟಿರಿ?"

"ನಾನು ಕುಡಿದೇ ಇಲ್ಲಪ್ಪಾ."

"ಹಾಗಾದರೆ ನಿಮಗೇನು ಗೊತ್ತು? ಮಾಮಾನೇ ಮಾತಾಡಲಿ."

ಮನೆಗೆ ಬಂದು ಯಜಮಾನರ ಮುಂದೆ ಗೋಳಾಡಿದೆ. "ಒಂದು ವರ್ಷಾದ್ರೂ ಕುಡೀಬೇಕಿತ್ರಿ ನಾನು!"

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಈಗ ಸುರು ಮಾಡು. ರಿಟೈರ್ ಆಗೂದ್ರಾಗ ಛಲೋ ಭಾಷಣ ಮಾಡ್ತಿ."

ನನ್ನದೂ ಒಂದು ವ್ಯಸನ

ಯೆರವಡಾದ ಒಂದು ಹಾಸ್ಟೆಲಿನಲ್ಲಿ ಹಟಕ್ಕೆ ಬಿದ್ದು ನನ್ನ ಕಥೆಯನ್ನೂ ಹೇಳಿದೆ. ದಿನಕ್ಕೆ ಎಂಟು ಕಪ್ ಚಹಾ, ಬಿಡಲು ಹೋಗಿ ತಲೆನೋವು, ಸಿಟ್ಟು, ಮನೆಯವರಿಗೆಲ್ಲ ಬೈಗುಳ. "ಕೊನೆಗೆ ಗೆದ್ದೆ!" ಎಂದೆ. ಬಿಟ್ಟು ಬರೀ ನಾಲ್ಕು ದಿನವಾಗಿತ್ತು, ಅದನ್ನು ಹೇಳಲಿಲ್ಲ. ಚಪ್ಪಾಳೆ ಬಿತ್ತು. ಮಾಮಾನ ಮುಖ ಸಣ್ಣದಾದದ್ದು ಕಂಡು ಭಾಳ ಸಂತೋಷವಾಯಿತು.

ಅಷ್ಟರಲ್ಲಿ ವಾರ್ಡನ್ ಶುಂಠಿ ಹಾಕಿದ ಬಿಸಿ ಚಹಾ ತಂದರು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಮಾಮಾ ನನ್ನ ಕಪ್ಪನ್ನೂ ತಮ್ಮ ಕಡೆ ಎಳೆದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಬ್ಯಾಡ್ರಿ ಬಾಯಾರ! ಒಂದ ಗುಟಕಿನಿಂದನ ಮತ್ತ ಸುರು ಆಗತೈತಿ."

ಆ ಹುಡುಗ

ಇದನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಧಾರವಾಡ ಕಡೆಯವನು, ಎಂಜಿನಿಯರಿಂಗ್ ಓದುತ್ತಿದ್ದ. ಅವನ ಕಾಲೇಜಿನಲ್ಲಿ ಭಾಷಣ ಮುಗಿದ ಮೇಲೆ ಮಾಮಾನ ಸುತ್ತಲಿನ ಗುಂಪನ್ನು ದಾಟಿ ನೇರವಾಗಿ ನನ್ನ ಹತ್ತಿರ ಬಂದ.

"ದಿನಾ ಕುಡೀತೀನ್ರಿ. ಒಂದಿನ ಬಿಟ್ರೂ ಕೈ ನಡಗತಾವ. ಮನ್ಯಾಗ ಗೊತ್ತಿಲ್ಲ" ಎಂದು ಅತ್ತುಬಿಟ್ಟ. ಅವತ್ತು ಸಂಜೆಯೇ ಅವನು ಕೇಂದ್ರಕ್ಕೆ ಬರುವುದು, ನಮ್ಮ ಡಾಕ್ಟರಿಗೆ ತೋರಿಸುವುದು ಎಂದು ಮಾತಾಡಿಕೊಂಡೆವು.

ಮಾಮಾ ದೂರದಿಂದಲೇ ನೋಡಿದ್ದರು. ಬಸ್ಸಿನಲ್ಲಿ ಸುರುಮಾಡಿದರು. "ಏನಂದಾ ಹುಡುಗ?"

"ಹೇಳಂಗಿಲ್ಲ."

"ನನ್ನ ಕಡೆ ಯಾಕ ಬರಲಿಲ್ಲ?"

"ಅವನ್ನ ಕೇಳ್ರಿ."

ಮಾಮಾ ಕಿಟಕಿಯ ಕಡೆ ಮುಖ ಮಾಡಿ ಕೂತರು. ಪುಣೆಯ ಬಸ್ಸಿನಲ್ಲಿ ಅಷ್ಟು ಸುಖವಾಗಿ ನಾನೆಂದೂ ಪ್ರಯಾಣ ಮಾಡಿಲ್ಲ.

ಐದು ತಿಂಗಳಾದವು. ಹುಡುಗ ಎರಡು ಸಲ ಜಾರಿದ, ಎರಡು ಸಲವೂ ತಾನೇ ತಿರುಗಿ ಬಂದ, ಕೊನೆಗೆ ಗಟ್ಟಿಯಾಗಿ ನಿಂತ. ಪರೀಕ್ಷೆಯಲ್ಲಿ ಪಾಸಾಗಿ ಪೇಢೆ ಹಿಡಿದು ಕೇಂದ್ರಕ್ಕೆ ಬಂದಾಗ ಮಾಮಾ ಅವನನ್ನು ಹಿಡಿದು ಕೂರಿಸಿ ಕೇಳಿಯೇಬಿಟ್ಟರು: "ತಮ್ಮಾ, ಅವತ್ತ ನಾ ಅಲ್ಲೇ ಇದ್ನಲ್ಲಾ, ನನಗ್ಯಾಕ ಹೇಳಲಿಲ್ಲ?"

ಹುಡುಗ ಸಂಕೋಚದಿಂದ ನನ್ನನ್ನು ನೋಡಿದ. "ತಪ್ಪು ತಿಳೀಬ್ಯಾಡ್ರಿ ಮಾಮಾ. ನಿಮಗ ಹೇಳಿದ್ರ ಮುಂದಿನ ಕಾಲೇಜಿನ್ಯಾಗ ನಂದ ಭಾಷಣಾ ಆಗ್ತಿತ್ತು."

ಮಾಮಾ ಬಾಯಿಯ ಹತ್ತಿರ ಒಯ್ದ ಪೇಢೆಯನ್ನು ತಿರುಗಿ ಡಬ್ಬಿಯಲ್ಲಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

"ಎಂಥಾ ದೇವ್ರು ನೋಡ್ರಿ ಬಾಯಾರ! ಇಂಥಾ ಛಲೋ ಕಥಿ, ಹೇಳಾಕ ಬರದವ್ರಿಗೇ ಕೊಟ್ಟಾನ!"