ಈ ಸ್ತ್ರೀಯೊಳ್

ಈಸ್ಟ್ರಿಯೋಲ್ ಎಂಬುದು ಹಳಗನ್ನಡ ಪದವೆಂದು ನಾನು ಮೂರು ವಾರ ನಂಬಿದ್ದೆ. ಇಪ್ಪತ್ತೈದು ವರ್ಷಗಳಿಂದ ನೆಕ್ರಾಜೆಯ ಮಕ್ಕಳಿಗೆ ವ್ಯಾಕರಣ ಕಲಿಸುತ್ತಿರುವವನು ಬೇರೆ ಹೇಗೆ ಓದಿಯಾನು? ಈ, ಸ್ತ್ರೀ, ಒಳ್. ಸಪ್ತಮೀ ವಿಭಕ್ತಿ. 'ಈ ಸ್ತ್ರೀಯಲ್ಲಿ' ಎಂದರ್ಥ. ಈ ಸ್ತ್ರೀಯಲ್ಲಿ ಏನು ಎಂಬುದೇ ನನ್ನ ಸಂಶಯ.

ಸ್ತ್ರೀ ಎಂದರೆ ನನ್ನ ಧರ್ಮಪತ್ನಿ ಪಂಕಜಾಕ್ಷಿ. ಐವತ್ತೆರಡು ತುಂಬಿದೆ. ಇತ್ತೀಚೆಗೆ ಸೋಮವಾರ, ಗುರುವಾರ ಸಂಜೆ ಮಿಂದವಳೇ ಕೋಣೆಗೆ ಚಿಲಕ ಹಾಕಿಕೊಳ್ಳುತ್ತಿದ್ದಳು.

"ಒಳಗೆ ಎಂತ ಮಾಡ್ತಿದ್ದೆ?"

"ಎಲ್ಲ ನಿಮಗೆ ವರದಿ ಒಪ್ಪಿಸ್ಬೇಕಾ?"

ಅವಳು ಮನೆಯಲ್ಲಿಲ್ಲದ ಒಂದು ದಿನ ಶೋಧಕಾರ್ಯ ನಡೆಸಿದೆ. ಸೀರೆಗಳ ಅಡಿಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಟ್ಯೂಬು, ಟ್ಯೂಬಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಆ ಹಳಗನ್ನಡ ಪದ. ಪೆಟ್ಟಿಗೆಯ ಮೇಲೆ ಮೆಡಿಕಲ್ಲಿನ ಲತೀಶ ಪೆನ್ನಿನಲ್ಲಿ ಮಲಯಾಳದಲ್ಲಿ ಏನೋ ಗೀಚಿದ್ದ. ಕಾಸರಗೋಡಿನ ಕನ್ನಡ ಹೋರಾಟದಲ್ಲಿ ಗಂಟಲು ಹರಿದುಕೊಂಡ ನಾನು ಮಲಯಾಳ ಓದುವುದಿಲ್ಲ. (ಓದಲು ಬರುವುದೂ ಇಲ್ಲ. ಆದರೆ ತತ್ತ್ವ ಎಂದರೆ ಕೇಳಲು ಚೆಂದ.)

ಸ್ತ್ರೀಯೊಳ್ ಇರುವುದು ಸೌಂದರ್ಯವಲ್ಲದೆ ಮತ್ತೇನು? ನನ್ನನ್ನು ಮುದುಕನಾಗಲು ಬಿಟ್ಟು ತಾನೊಬ್ಬಳೇ ಎಳೆಯವಳಾಗುವ ಸಂಚು. ಅಂದಿನಿಂದ ದಿನಾ ಬೆಳಿಗ್ಗೆ ಹೆಬ್ಬೆರಳಿನಷ್ಟು ಹಿಂಡಿ ನನ್ನ ಬೋಳು ತಲೆಗೆ ಹಚ್ಚಿ, ಕಾಣದಂತೆ ಮೇಲೊಂದು ಟೊಪ್ಪಿ ಹಾಕತೊಡಗಿದೆ. ಎರಡು ಕೂದಲು ಮೇಲೆದ್ದಂತೆಯೂ ಕಂಡಿತು.

"ಟ್ಯೂಬಿನಲ್ಲಿ ಬರೀ ಗಾಳಿ ಮಾರಾಯ್ರೆ," ಎಂದು ಅವಳು ಒಂದು ದಿನ ಗೊಣಗಿದಳು. "ಆ ಲತೀಶ ಮೋಸ ಮಾಡ್ತಾನೆ ಕಾಣ್ತದೆ."

"ಎಂತ ಟ್ಯೂಬು?"

"ನಿಮಗಲ್ಲ."

ಕಾಲ ಕೆಟ್ಟಿದೆ ಎಂದೆ, ಟೊಪ್ಪಿ ಸರಿಮಾಡಿಕೊಂಡು.

ಮೂರನೆಯ ವಾರ ಅವಳ ಮುಖ ಬಾಡಿತು. ಹಿಂದೊಮ್ಮೆ ಕಾಡಿದ್ದ ಉರಿಮೂತ್ರ ಮರಳಿತ್ತು. ಕಾಸರಗೋಡಿಗೆ ಡಾಕ್ಟರ್ ಶ್ರೀವಾಣಿಯ ಹತ್ತಿರ ಕರೆದೊಯ್ದೆ. ನನ್ನ ಹಳೆಯ ವಿದ್ಯಾರ್ಥಿನಿ, ಸಂಧಿ ತಪ್ಪಿದಾಗಲೆಲ್ಲ ಬೆಂಚಿನ ಮೇಲೆ ನಿಂತವಳು.

"ಕ್ರೀಮು ಹಿಡಿಯುದಿಲ್ಲ ಅಂತಾದ್ರೆ ಮಾತ್ರೆ ನೋಡುವ ಪಂಕಜಕ್ಕ. ಈಸ್ಟ್ರಡೈಯೋಲ್," ಎಂದಳು.

(ಈ ಸ್ತ್ರೀ ಅಡಿಯೊಳ್. ಇದು ಗಂಡಂದಿರ ಕುರಿತಾದ ಪದವೇ ಇರಬೇಕು.)

"ಎರಡೂ ಒಂದೇ ಅಲ್ವಾ?" ಎಂದೆ, ತಿಳಿದವನ ಧ್ವನಿಯಲ್ಲಿ.

"ಒಂದೇ ಕುಟುಂಬ ಮಾಷ್ಟ್ರೆ, ಗುಣ ಬೇರೆ. ಮಾತ್ರೆಯದ್ದು ಜೋರಿನದ್ದು. ಗರ್ಭಕೋಶದ ಒಳಪದರವನ್ನು ದಪ್ಪ ಮಾಡ್ತದೆ, ಅದಕ್ಕೆ ಲಗಾಮು ಹಾಕ್ಲಿಕ್ಕೆ ಇನ್ನೊಂದು ಹಾರ್ಮೋನೂ ಕೊಡ್ಬೇಕು. ಕ್ರೀಮಿನಲ್ಲಿರುವ ಈಸ್ಟ್ರಿಯೋಲ್ ಸಾಧು. ಮುಟ್ಟು ನಿಂತ ಮೇಲೆ ಯೋನಿಯ ಚರ್ಮ ತೆಳ್ಳಗಾಗಿ ಉರಿತದಲ್ಲ, ಅಲ್ಲಿ ಹಚ್ಚಿದರೆ ಹೆಚ್ಚಾಗಿ ಅಲ್ಲೇ ಕೆಲಸ ಮಾಡ್ತದೆ. ಪಂಕಜಕ್ಕ ತಂದ ಈ ಪೆಟ್ಟಿಗೆಯ ಮೇಲೆ ಮಲಯಾಳದಲ್ಲಿ ಬರೆದದ್ದೂ ಅದನ್ನೇ."

ನನ್ನ ಕೈ ತಾನಾಗಿ ಟೊಪ್ಪಿಯ ಮೇಲೆ ಹೋಯಿತು. ವಿಭಕ್ತಿ ಸರಿಯಾಗಿಯೇ ಇತ್ತು. ಸ್ಥಳ ತಪ್ಪಿತ್ತು.

"ಹಚ್ಚಲಿಕ್ಕೆ ಇದ್ದರಲ್ಲವಾ?" ಎಂದಳು ಪಂಕಜಾಕ್ಷಿ. "ಟ್ಯೂಬು ಓಡಿಓಡಿ ಮುಗೀತದೆ. ಉಳಿಸ್ಲಿಕ್ಕೆ ಕಡಲೆಕಾಳಿನಷ್ಟೇ ಹಚ್ತಿದ್ದೆ."

ಶ್ರೀವಾಣಿ ಪೆನ್ನು ತೆಗೆದಳು. ಬಾಯಿ ಮುಚ್ಚಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಬೇಡದ ಜೋರಿನ ಮಾತ್ರೆ ಪಂಕಜಾಕ್ಷಿಯ ಹೊಟ್ಟೆ ಸೇರುತ್ತಿತ್ತು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಟೊಪ್ಪಿ ತೆಗೆದು ಎಲ್ಲವನ್ನೂ ಒಪ್ಪಿಕೊಂಡೆ. ಸಂಧಿ ಬಿಡಿಸಿದ್ದನ್ನೂ ಸೇರಿಸಿ.

ಶ್ರೀವಾಣಿ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. (ನಾನಿದ್ದ ಕಡೆ ಬೆಂಚಿದ್ದರೆ ನಾನೇ ಹತ್ತಿ ನಿಲ್ಲುತ್ತಿದ್ದೆ.) ಕೊನೆಗೆ ಕಣ್ಣೊರಸಿಕೊಂಡು ಕ್ರೀಮನ್ನೇ ಪುನಃ ಬರೆದಳು. ಸರಿಯಾದ ಅಳತೆಯಲ್ಲಿ, ಕನ್ನಡದಲ್ಲಿ.

ಪಂಕಜಾಕ್ಷಿ ನನ್ನನ್ನು ಬಿಟ್ಟು ಮುಂದೆ ಮೆಟ್ಟಿಲಿಳಿದಳು. ನನಗೆ ಭಯ ಹಿಡಿಯಿತು.

"ಅಲ್ಲ ಮಾರಾಯ್ತಿ, ಮೂರು ವಾರ ತಲೆಗೆ ಹಚ್ಚಿದ್ದೇನೆ. ಒಳಗೆ ಎಂತಾದ್ರೂ ಆದೀತಾ?"

"ಆಗ್ಲಿಕ್ಕೆ ಒಳಗೆ ಎಂತ ಉಂಟು?" ಎಂದಳು.