ರಸ್ತೆ ದಾಟಿದ ಒಗ್ಗರಣೆ

ದುರ್ಗೇಶನ ಜೀವ ಬಾಯಿಗೆ ಬಂದದ್ದು ಬೆಳಿಗ್ಗೆ ಏಳೂವರೆಗೆ, ವರದಮೂಲದಲ್ಲಿ, ಒಂದು ಚಮಚ ಸಾಸಿವೆಯಿಂದ.

ಸಾಗರದ ನಟರಾಜ್ ಬಾಡಿಗೆಗೆ ಬಿಟ್ಟಿದ್ದ ಕ್ಯಾರವಾನಿಗೆ ಅವನೇ ಡ್ರೈವರ್, ಅವನೇ ಅಡುಗೆಯವನು. ಮಂಚ, ಸಿಂಕು, ಗ್ಯಾಸ್ ಒಲೆ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡ ಬಸ್ಸು ಅದು. ಕೆಲಸಕ್ಕೆ ಸೇರಿ ಅಂದಿಗೆ ಮೊದಲ ದಿನ. ಈ ಟ್ರಿಪ್ ಸರಿಯಾಗಿ ಮುಗಿದರೆ ಕೆಲಸ ಖಾಯಂ ಎಂದಿದ್ದರು ನಟರಾಜ್. ಹೊರಟವರು ಮುಕುಂದಯ್ಯ, ವೆಂಕಮ್ಮ ದಂಪತಿ. ಮುಕುಂದಯ್ಯನವರು ಹೋಟೆಲಿನ ನೀರನ್ನೂ ಮುಟ್ಟುವವರಲ್ಲ. ಗಾಡಿಯಲ್ಲೇ ಬಿಸಿಬಿಸಿ ಅಡುಗೆಯಾಗಬೇಕು ಎಂಬುದು ಅವರ ಒಂದೇ ಷರತ್ತು.

ಉಪ್ಪಿಟ್ಟಿಗೆಂದು ಕಾದ ಎಣ್ಣೆಗೆ ಸಾಸಿವೆ, ಒಣಮೆಣಸು ಬಿದ್ದವು. ಮೆಣಸು ಕಪ್ಪಾಗುವ ಮೊದಲೇ ಚಾವಣಿಯಲ್ಲಿದ್ದ ಬಿಳಿ ಡಬ್ಬಿ, ಅಂದರೆ ಹೊಗೆ ಅಲಾರಂ, ಹಾವು ಕಂಡ ಮಂಗನ ಹಾಗೆ ಕಿರುಚಿಕೊಂಡಿತು. ಮುಕುಂದಯ್ಯನವರು ಅರ್ಧ ಉಟ್ಟ ಪಂಚೆಯಲ್ಲೇ ಹೊರಗೆ ಹಾರಿದರು. ಎದುರಿನ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದವರೆಲ್ಲ ಓಡಿ ಬಂದರು. ಬಿಂದಿಗೆ ನೀರು ಹೊತ್ತು ತಂದ ಒಬ್ಬರು ಬೆಂಕಿಯನ್ನು ಹುಡುಕಿ ಹುಡುಕಿ ಕಾಣದೆ, ತಂದದ್ದು ದಂಡವಾಗಬಾರದೆಂದು ಉಪ್ಪಿಟ್ಟಿನ ಬಾಣಲೆಗೇ ಸುರಿದರು.

ಮರುಕ್ಷಣವೇ ನಟರಾಜ್ ಫೋನು.

"ಏನೋ, ಅಲಾರಂ ಕೂಗ್ತು? ನನ್ ಮೊಬೈಲಿಗೆ ಮೆಸೇಜ್ ಬಂತು."

"ಒಗ್ಗರಣೆ, ಅಣ್ಣಾ..."

"ಹೂಂ."

ಫೋನು ಕಟ್ಟಾಯಿತು. ಆ 'ಹೂಂ' ಎಂದರೇನೆಂದು ದುರ್ಗೇಶನಿಗೆ ತಿಳಿಯಲಿಲ್ಲ. ಕೆಲಸ ಕೊಡಿಸಿದ ಗೆಳೆಯ ಶಿವುವಿಗೆ ಕರೆ ಮಾಡಿದರೆ ಅವನು ಇನ್ನಷ್ಟು ಹೆದರಿಸಿದ: "ಹುಷಾರು ಮಾರಾಯ! ನಿನಗಿಂತ ಮುಂಚೆ ಇದ್ದ ಗಣೇಶನ್ನ ಬಿಡಿಸಿದ್ದೂ ಆ ಅಲಾರಂ ವಿಷಯಕ್ಕೇ. ಮೂರೇ ದಿನಕ್ಕೆ ಮನೆಗೆ ಕಳಿಸಿದ್ರು."

ಇನ್ನು ಆ ಡಬ್ಬಿ ಕೂಗಕೂಡದು ಎಂದು ದುರ್ಗೇಶ ಶಪಥ ಮಾಡಿದ.

ಮಧ್ಯಾಹ್ನದ ಊಟಕ್ಕೆ ಹೊಸನಗರದಲ್ಲಿ, ಒಂದು ಮರದಡಿ ಗಾಡಿ ನಿಂತಿತು. ಅನ್ನ, ಬೇಳೆ, ಪಲ್ಯ ಸದ್ದಿಲ್ಲದೆ ಬೆಂದವು. ಒಗ್ಗರಣೆಯ ಹೊತ್ತಿಗೆ ಅವನು ಸೌಟು ಹಿಡಿದು ಚಾವಣಿಯನ್ನೇ ನೋಡುತ್ತ ನಿಂತುಬಿಟ್ಟ. ನಮ್ಮ ಕಡೆ ಒಬ್ಬ ತಲೆ ಕೆರೆದುಕೊಂಡರೆ ಸಾಕು, ಹತ್ತು ಜನ ಸೇರುತ್ತಾರೆ.

"ಅದರ ಬಾಯಿಗೆ ಟ್ಯೂಬು ಸುತ್ತಿ ಕಟ್ಲಾ?" ಎಂದ ಪಂಕ್ಚರ್ ಅಂಗಡಿಯ ಪ್ರದೀಪ.

"ಬ್ಯಾಡ ಮಾರಾಯ, ಮುಟ್ಟಿದ್ರೂ ಓನರಿಗೆ ಗೊತ್ತಾಗ್ತದೆ," ಎಂದ ದುರ್ಗೇಶ.

"ಹಾಗಾದ್ರೆ ಒಗ್ಗರಣೆಯೇ ಬೇಡ," ಎಂದು ತೀರ್ಪು ಕೊಟ್ಟರು ನಿವೃತ್ತ ಮೇಷ್ಟ್ರು ನಾರಾಯಣಮೂರ್ತಿ.

ಒಳಗಿನಿಂದ ಮುಕುಂದಯ್ಯ ಗುಡುಗಿದರು: "ಒಗ್ಗರಣೆ ಇಲ್ಲದ ಸಾರಾ? ನಾನೇನು ಜ್ವರ ಬಂದು ಮಲಗಿದೀನಾ?"

ಎದುರು ಮನೆಯ ವಿಶಾಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಎಂತಕ್ಕೆ ಒದ್ದಾಡ್ತೀಯ? ಒಗ್ಗರಣೆ ನಮ್ಮನೆ ಒಲೆ ಮೇಲೆ ಮಾಡ್ಕೊಂಡು ಹೋಗು."

"ಮನೆ ಒಲೆ ತಾನೇ? ಅಡ್ಡಿಲ್ಲ," ಎಂದರು ಮುಕುಂದಯ್ಯ.

ದುರ್ಗೇಶ ಓಡಿದ. ಚಟಪಟ ಎನ್ನುವ ಸೌಟನ್ನು ದೇವರ ಮಂಗಳಾರತಿಯಂತೆ ಮುಂದೆ ಹಿಡಿದು ರಸ್ತೆ ದಾಟಿದ. ಸಾರಿಗೊಮ್ಮೆ, ಪಲ್ಯಕ್ಕೊಮ್ಮೆ, ಮಜ್ಜಿಗೆಹುಳಿಗೊಮ್ಮೆ. ಮೂರನೆಯ ಸಲ ಲಾರಿಯೊಂದು ಅವನಿಗಾಗಿ ಬ್ರೇಕು ಹಾಕಿತು. ಡಬ್ಬಿ ಮಾತ್ರ ಉಸಿರೆತ್ತಲಿಲ್ಲ. ಮುಕುಂದಯ್ಯನವರು ಎರಡೆರಡು ಸಲ ಸಾರು ಬಡಿಸಿಕೊಂಡು, ತೇಗಿ, ಮಂಚದ ಮೇಲೆ ಗೊರಕೆ ಹೊಡೆಯತೊಡಗಿದರು. ಕೆಲಸ ಉಳಿಯಿತು ಎಂದು ದುರ್ಗೇಶ ಹಿಗ್ಗಿದ.

ಆಗ ಕಾರೊಂದು ಬಂದು ನಿಂತಿತು. ಇಳಿದವರು ನಟರಾಜ್.

"ಊಟ ಯಾವ ಹೋಟ್ಲಿಂದ ತಂದೆ?"

ದುರ್ಗೇಶನಿಗೆ ಸಿಡಿಲು ಬಡಿದಂತಾಯಿತು. "ಹೋಟ್ಲಾ? ನಾನೇ ಮಾಡಿದ್ದಣ್ಣಾ!"

"ಸುಳ್ಳು ಹೇಳ್ಬೇಡ. ಬೆಳಿಗ್ಗೆ ಅಲಾರಂ ಕೂಗ್ದಾಗ, ಸದ್ಯ ಇವನಾದ್ರೂ ಅಡುಗೆ ಮಾಡ್ತಾನೆ ಅಂತ ಖುಷಿಪಟ್ಟಿದ್ದೆ. ಮಧ್ಯಾಹ್ನ ಸದ್ದೇ ಇಲ್ಲ, ಅದಕ್ಕೇ ನೋಡೋಣ ಅಂತ ಬಂದೆ."

"ಕೂಗಿದ್ರೆ ಗಣೇಶನ್ ಹಾಗೆ ಬಿಡಿಸ್ತೀರಿ ಅಂತ..."

"ಗಣೇಶನ್ನ ಬಿಡಿಸಿದ್ದು ಮೂರು ದಿನ ಅದು ಒಂದ್ಸಲನೂ ಕೂಗ್ಲಿಲ್ಲ ಅಂತ! ಮೂರು ದಿನನೂ ಹೋಟ್ಲಿಂದ ತಂದು ಪಾತ್ರೆಗೆ ಸುರಿದು ಬಡಿಸಿದ್ದ. ಒಗ್ಗರಣೆ ಹಾಕಿದ್ರೆ ಆ ಡಬ್ಬಿ ಸುಮ್ಮನಿರ್ತದಾ?"

ದುರ್ಗೇಶ ಎದುರು ಮನೆಯತ್ತ ತಿರುಗಿದ. "ವಿಶಾಲಮ್ಮಾ, ನೀವಾದ್ರೂ ಹೇಳಿ!"

ವಿಶಾಲಮ್ಮ ಮುಂದೆ ಬಂದರು. ಬೀದಿಯ ಜನವೆಲ್ಲ ನೋಡುತ್ತಿದ್ದರು; ಅಂಥ ಅವಕಾಶವನ್ನು ಯಾರು ಬಿಡುತ್ತಾರೆ? "ಹೋಟ್ಲಿಂದ ಎಂತದ್ದೂ ತಂದಿಲ್ಲ. ರುಚಿ ಬಂದದ್ದೆಲ್ಲ ನಮ್ಮನೆ ಒಲೆ ಮೇಲೆ. ಇವನಿಗೆ ಎಂತ ಬರ್ತದೆ, ಪಾಪ?"

ನಟರಾಜ್ ಗಾಡಿಯ ಕೀಲಿ ಕೊಡೆಂದು ಕೈ ಚಾಚಿದರು.

ಅದೇ ಹೊತ್ತಿಗೆ ಗಾಡಿಯೊಳಗಿಂದ ಅಲಾರಂ ಕಿರುಚಿತು. ನಟರಾಜ್ ಜೇಬಿನಲ್ಲಿ ಮೊಬೈಲೂ ಟಣ್ ಎಂದಿತು. ದುರ್ಗೇಶ ಕುಣಿದಾಡಿಬಿಟ್ಟ. "ಕೂಗ್ತು! ನೋಡಿ ಅಣ್ಣಾ, ಕೂಗ್ತು!"

ಗಂಡನ ಊಟ ಮುಗಿದ ಮೇಲೆ ತಾನು ಉಣ್ಣಲು ಕೂತಿದ್ದ ವೆಂಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕೈಯಲ್ಲಿ ಸುಟ್ಟ ಹಪ್ಪಳವಿತ್ತು.

"ಗಾಬರಿಯಾಗ್ಬೇಡಿ, ನಾನೇ ಒಂದು ಹಪ್ಪಳ ಸುಟ್ಕೊಂಡೆ. ಇವನು ಮಾಡೇ ಇರ್ಲಿಲ್ಲ."

"ಹೂಂ," ಎಂದ ನಟರಾಜ್ ದುರ್ಗೇಶನ ಕೈಯಿಂದ ಕೀಲಿ ತೆಗೆದುಕೊಂಡರು.

ಸಾಗರಕ್ಕೆ ವಾಪಸ್ ಹೋಗುವ ಬಸ್ಸು ಹತ್ತುವಾಗ ದುರ್ಗೇಶನ ಕೈಯಲ್ಲಿ ಇನ್ನೂ ಒಗ್ಗರಣೆ ಸೌಟು ಇತ್ತು.